ಆರಿದೆ ಅಂತ ಯಾರು ಹೇಳಿದ್ದು?

ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಅಂದ ಕೂಡಲೇ ಜನರ ಕಣ್ಣ ಮುಂದೆ ಸೈರನ್, ಏಣಿ, ಹೊಗೆ ಬರುತ್ತದೆ. ನನ್ನ ಕೆಲಸದಲ್ಲಿ ಈ ಮೂರೂ ಕಮ್ಮಿ. ನನ್ನ ಮುಂದಿರುವುದು ಒಂದು ಮೇಜು, ಒಂದು ಫೋನ್, ಒಂದು ದಪ್ಪ ರಿಜಿಸ್ಟರ್. ಬಯಲಲ್ಲಿ ಒಣಕಡ್ಡಿ, ತರಗೆಲೆ ಸುಡಬೇಕು ಅನ್ನುವವರು ನನಗೆ ಫೋನ್ ಮಾಡುತ್ತಾರೆ. ನಾನು ಗಾಳಿ ನೋಡಿ, ಜಾಗ ವಿಚಾರಿಸಿ, ಸರಿ ಅನ್ನಿಸಿದರೆ ಆ ಒಂದು ದಿನಕ್ಕೆ ಅನುಮತಿ ಕೊಡುತ್ತೇನೆ. ಸರಿ ಅನ್ನಿಸದಿದ್ದರೆ ಬೈಸಿಕೊಳ್ಳುತ್ತೇನೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಕೊಟ್ಟ ಒಂದು ಅನುಮತಿಯ ಕತೆ ಇದು. ಕಾಗದದ ಮೇಲೆ ಅದರಲ್ಲಿ ಒಂದೇ ಒಂದು ತಪ್ಪು ಇರಲಿಲ್ಲ.

ಫೋನ್ ಮಾಡಿದವರು ವಯಸ್ಸಾದವರು, ತುಂಬಾ ಶಿಸ್ತಿನವರು. ಗುಡ್ಡೆ ಎಷ್ಟು ಎತ್ತರ ಇದೆ, ಕಟ್ಟಡದಿಂದ ಎಷ್ಟು ದೂರ, ನೀರಿನ ಪೈಪ್ ಎಲ್ಲಿಯವರೆಗೆ ಬರುತ್ತದೆ, ಎಲ್ಲವನ್ನೂ ನಾನು ಕೇಳುವ ಮೊದಲೇ ಹೇಳಿದರು. ಗುಡ್ಡೆಯ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ ಹುಲ್ಲು ಕೆರೆದು ಬರಿ ಮಣ್ಣು ಮಾಡಿದ್ದರು. ಪಕ್ಕದವರಿಗೂ ತಿಳಿಸಿದ್ದರು. ಗಾಳಿ ಇರಲಿಲ್ಲ. ಬೆಳಿಗ್ಗೆ ಹಚ್ಚಿದರು, ಹತ್ತು ಗಂಟೆ ಹೊತ್ತಿಗೆ ಮತ್ತೆ ಫೋನ್ ಮಾಡಿದರು. “ಪೂರ್ತಿ ಆರಿದೆ ಸಾರ್, ನಾನೇ ನಾಲ್ಕು ಬಕೆಟ್ ನೀರು ಸುರಿದೆ.” ನಾನು ರಿಜಿಸ್ಟರ್‌ನಲ್ಲಿ ‘ಆರಿದೆ’ ಅಂತ ಬರೆದು, ಸಹಿ ಹಾಕಿ, ಚಹಾ ಕುಡಿಯಲು ಹೋದೆ.

ಅದು ಗುರುವಾರ. ಶನಿವಾರ ಮಧ್ಯಾಹ್ನ ಜೋರು ಗಾಳಿ ಎದ್ದಿತು. ಎರಡೂವರೆಗೆ ಅದೇ ವಿಳಾಸದಿಂದ ಕರೆ ಬಂತು. ಬೇಲಿ ಪಕ್ಕದ ಹುಲ್ಲಿಗೆ ಬೆಂಕಿ ಬಿದ್ದು, ಪಕ್ಕದವರು ಸಾಮಾನು ಇಡುವ ಶೆಡ್ಡಿನ ಅರ್ಧ ಭಾಗ ಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ, ಅದು ಪುಣ್ಯ. ಬೆಂಕಿ ಆರಿಸಿದ ಮೇಲೆ ನಮ್ಮ ಠಾಣೆಯ ಹಿರಿಯರು ಫೋನ್ ಮಾಡಿ, “ಅನುಮತಿ ಕೊಟ್ಟವರು ನೀವೇ ತಾನೇ? ಒಂದ್ಸಲ ಬಂದು ನೋಡಿ” ಅಂದರು. ಬೈಯುತ್ತಾರೆ ಅಂದುಕೊಂಡು ಹೋದೆ. ಅವರು ಬೈಯಲಿಲ್ಲ. ಕೈಗೆ ಸಲಿಕೆ ಕೊಟ್ಟರು.

ಗುರುವಾರ ಸುಟ್ಟ ಗುಡ್ಡೆಯ ಜಾಗದಲ್ಲಿ ತಣ್ಣನೆಯ ಬಿಳಿ ಬೂದಿ ಇತ್ತು. ಮೇಲೆ ಸುರಿದ ನೀರು ಬೂದಿಯನ್ನು ಹಪ್ಪಳದ ಹಾಗೆ ಗಟ್ಟಿ ಮಾಡಿತ್ತು, ಒಳಗೆ ಇಳಿದೇ ಇರಲಿಲ್ಲ. ಒಂದು ಗೇಣು ಅಗೆದೆ. ಹಳೆಯ ಮರದ ಬೊಡ್ಡೆಯೊಂದು ಸಿಕ್ಕಿತು. ನೆಲಮಟ್ಟಕ್ಕೆ ಕಡಿದು, ಮಣ್ಣು ಮುಚ್ಚಿ, ಎಲ್ಲರೂ ಮರೆತಿದ್ದ ಬೊಡ್ಡೆ. ಅದರಿಂದ ಒಂದು ಬೇರು ಬೇಲಿಯ ಕಡೆ ಹೋಗಿತ್ತು. ಹೋಗಿತ್ತು ಅನ್ನುವುದಕ್ಕಿಂತ ಹೋಗಿದ್ದ ಗುರುತು ಇತ್ತು ಅನ್ನಬೇಕು. ಬೇರು ಇರಬೇಕಾದ ಕಡೆ ತೋಳು ತೂರುವಷ್ಟು ಸುರಂಗ, ಒಳಗೋಡೆಯೆಲ್ಲ ಕಪ್ಪು. ಇನ್ನೊಂದು ಬೇರಿನ ತುದಿಯನ್ನು ಸಲಿಕೆಯಲ್ಲಿ ಕೆದಕಿದಾಗ ಗಾಳಿ ತಾಗಿ ಅದು ನಿಗಿನಿಗಿ ಅಂತು. ‘ಬೂದಿ ಮುಚ್ಚಿದ ಕೆಂಡ’ ಅನ್ನುವ ಮಾತನ್ನು ಮನುಷ್ಯರ ಬಗ್ಗೆ ಎಷ್ಟೋ ಸಲ ಆಡಿದ್ದೆ. ನಿಜವಾದದ್ದನ್ನು ನೋಡಿದ್ದು ಅವತ್ತೇ.

ಅವರು ಕೆರೆದಿದ್ದ ಒಂದೂವರೆ ಮೀಟರ್ ಬರಿ ಮಣ್ಣಿನ ಪಟ್ಟಿಯ ಕೆಳಗೇ ಬೆಂಕಿ ನಡೆದು ಹೋಗಿತ್ತು. ಜ್ವಾಲೆ ಇಲ್ಲದೆ ಒಳಗೊಳಗೇ ಬೇಯುವ ಇಂಥ ಉರಿಗೆ ಆಮ್ಲಜನಕ ಬಹಳ ಕಮ್ಮಿ ಸಾಕು. ಮಣ್ಣಿನ ಸಂದಿಯಲ್ಲಿ ಸಿಗುವಷ್ಟು ಗಾಳಿಯಲ್ಲೇ ಅದು ಬದುಕುತ್ತದೆ. ವೇಗ ಗಂಟೆಗೆ ಕೆಲವೇ ಸೆಂಟಿಮೀಟರ್. ಗುರುವಾರದಿಂದ ಶನಿವಾರಕ್ಕೆ ಲೆಕ್ಕ ಹಾಕಿ, ಸರಿಯಾಗಿ ಬೇಲಿ ಹತ್ತಿರದ ಹುಲ್ಲು ಬರುತ್ತದೆ. ಹೊಗೆ? ಅದೂ ಮಣ್ಣಿನಲ್ಲಿ ಸೋಸಿಹೋಗಿ, ಹತ್ತಿರ ನಿಂತವರಿಗೂ ಕಾಣದ ಹಾಗಿರುತ್ತದೆ.

ನಾನು ಕೇಳಿದ ಪ್ರಶ್ನೆಗಳೆಲ್ಲ ಬೆಂಕಿ ಹಚ್ಚುವುದರ ಬಗ್ಗೆ ಇದ್ದವು. ಗುಡ್ಡೆಯ ಕೆಳಗೆ ಏನಿದೆ ಅಂತ ಕೇಳಿರಲಿಲ್ಲ. ಆರಿದೆ ಅಂತ ಹೇಗೆ ಗೊತ್ತಾಯಿತು ಅಂತಲೂ ಕೇಳಿರಲಿಲ್ಲ.

ನಿಯಮಗಳ ಬಗ್ಗೆ ಒಂದು ಮಾತು ಹೇಳಬೇಕು, ಯಾಕೆಂದರೆ ಜಗಳವೆಲ್ಲ ಅಲ್ಲೇ ಶುರುವಾಗುತ್ತದೆ. “ಪಕ್ಕದ ಊರಲ್ಲಿ ಬಿಡ್ತಾರೆ, ನೀವ್ಯಾಕೆ ಬಿಡಲ್ಲ?” ಅನ್ನುತ್ತಾರೆ. ಬಯಲಲ್ಲಿ ಸುಡುವ ನಿಯಮ ಜಾಗದಿಂದ ಜಾಗಕ್ಕೆ ಬೇರೆಯಾಗಿರುವುದು ಅಧಿಕಾರಿಗಳ ಹಟದಿಂದಲ್ಲ. ಅಮೆರಿಕದ ಎರಡು ರಾಜ್ಯಗಳನ್ನೇ ನೋಡಿ. ಮ್ಯಾಸಚೂಸೆಟ್ಸ್‌ನಲ್ಲಿ ಜನವರಿ 15ರಿಂದ ಮೇ 1ರವರೆಗೆ, ಅದೂ ಬೆಳಿಗ್ಗೆ 10ರಿಂದ ಸಂಜೆ 4ರ ಒಳಗೆ, ಕಟ್ಟಡಗಳಿಂದ 75 ಅಡಿ ದೂರದಲ್ಲಿ ಮಾತ್ರ ಸುಡಬಹುದು. ವರ್ಜೀನಿಯಾದಲ್ಲಿ ಪೂರ್ತಿ ಉಲ್ಟಾ. ಫೆಬ್ರವರಿ 15ರಿಂದ ಏಪ್ರಿಲ್ 30ರವರೆಗೆ, ಕಾಡಿನಿಂದ ಅಥವಾ ಒಣಹುಲ್ಲಿನಿಂದ 300 ಅಡಿ ಒಳಗಿದ್ದರೆ ಸಂಜೆ 4ಕ್ಕೆ ಮೊದಲು ಹಚ್ಚುವಂತೆಯೇ ಇಲ್ಲ.

ಎರಡಕ್ಕೂ ಅರ್ಥ ಇದೆ. ಹಗಲಲ್ಲಿ ನೆಲ ಕಾದು ಗಾಳಿ ಮೇಲೇರುತ್ತದೆ, ಹೊಗೆಯೂ ಅದರ ಜೊತೆ ಹೋಗುತ್ತದೆ. ಸಂಜೆಯಾದ ಮೇಲೆ ಹೊಗೆ ನೆಲಮಟ್ಟದಲ್ಲೇ ಕೂತು ಪಕ್ಕದವರ ಮನೆ ಸೇರುತ್ತದೆ. ಆದರೆ ಅದೇ ಸಂಜೆ ಗಾಳಿ ತಗ್ಗುತ್ತದೆ, ತೇವ ಏರುತ್ತದೆ, ಬೆಂಕಿ ಹಬ್ಬುವುದು ಕಷ್ಟ. ಯಾವುದಕ್ಕೆ ಹೆಚ್ಚು ಹೆದರಬೇಕು ಅನ್ನುವುದು ಆಯಾ ಜಾಗಕ್ಕೆ ಬಿಟ್ಟದ್ದು.

“ನಿನ್ನೆ ಕೊಟ್ರಿ, ಇವತ್ತು ಯಾಕಿಲ್ಲ?” ಅನ್ನುವುದಕ್ಕೂ ಉತ್ತರ ಗಾಳಿಯಲ್ಲೇ ಇದೆ. ತಾಪಮಾನ 11 ಡಿಗ್ರಿಯಷ್ಟು ಏರಿದರೆ ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆಳಿಗ್ಗೆ ಶೇ. 70 ಇದ್ದದ್ದು ಮಧ್ಯಾಹ್ನ ಶೇ. 35. ಹುಲ್ಲು, ತರಗೆಲೆ, ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿ ಒಂದು ಗಂಟೆಯೊಳಗೇ ಆ ಬದಲಾವಣೆಗೆ ಒಣಗುತ್ತವೆ. ಅಂದರೆ ಬೆಳಿಗ್ಗೆ ಹಚ್ಚಲು ಕಷ್ಟಪಟ್ಟ ಅದೇ ಹುಲ್ಲು ಮಧ್ಯಾಹ್ನಕ್ಕೆ ಒಂದು ಕಿಡಿ ಸಾಕು ಅನ್ನುವಂತಿರುತ್ತದೆ. ತೊಡೆಗಾತ್ರದ ದಿಮ್ಮಿ ಹಾಗಲ್ಲ, ಅದಕ್ಕೆ ವಾರಗಳೇ ಬೇಕು. ಆದರೆ ಅದು ಒಮ್ಮೆ ಹೊತ್ತಿಕೊಂಡರೆ ಬಿಡುವುದೂ ಅಷ್ಟೇ ನಿಧಾನ.

ಪ್ಲಾಸ್ಟಿಕ್, ಟೈರ್, ಬಣ್ಣ ಬಳಿದ ಮರ ಇವಕ್ಕೆ ನನ್ನ ಹತ್ತಿರ ಅನುಮತಿಯೇ ಇಲ್ಲ, ಚರ್ಚೆಯೂ ಇಲ್ಲ. ಬಯಲಲ್ಲಿ ಕಸ ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ ಅಂತ, ಬೇಗ ಕರಗದ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ 2001ರ ಸ್ಟಾಕ್‌ಹೋಮ್ ಒಪ್ಪಂದದಲ್ಲೇ ಪಟ್ಟಿ ಮಾಡಿದ್ದಾರೆ. ಸುಮ್ನೆ ಕೇಳಿ ಸಮಯ ಹಾಳು ಮಾಡಬೇಡಿ ಅಂತ ಮೆತ್ತಗೆ ಹೇಳುತ್ತೇನೆ.

ಶೆಡ್ಡಿನ ಘಟನೆ ಆದಮೇಲೆ ನಾನು ಹಳೆಯ ವರದಿಗಳನ್ನು ಓದಲು ಶುರು ಮಾಡಿದೆ. ಸ್ವಲ್ಪ ಸಮಾಧಾನ ಹುಡುಕುತ್ತಿದ್ದೆ ಅನ್ನಿ. ಸಿಕ್ಕಿದ್ದು ಹೆದರಿಕೆ. 2022ರ ಜನವರಿಯಲ್ಲಿ ನ್ಯೂ ಮೆಕ್ಸಿಕೋದಲ್ಲಿ ಅಮೆರಿಕದ ಅರಣ್ಯ ಸೇವೆಯವರೇ ಕಡ್ಡಿಗಳ ಗುಡ್ಡೆ ಸುಟ್ಟರು. ಅದರ ಮೇಲೆ ಮೂರು ಸಲ ಹಿಮ ಬಿತ್ತು. ಹಿಮದ ಕೆಳಗೆ ಬೆಂಕಿ ಬದುಕಿಯೇ ಇತ್ತು! ಏಪ್ರಿಲ್‌ನಲ್ಲಿ ಗಾಳಿ ಎದ್ದಾಗ ಮೇಲೆ ಬಂದು, ಇನ್ನೊಂದು ಬೆಂಕಿಯ ಜೊತೆ ಸೇರಿ 3,41,000 ಎಕರೆಗೂ ಹೆಚ್ಚು ಜಾಗ ಸುಟ್ಟಿತು. 1991ರ ಅಕ್ಟೋಬರ್ 19ರಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡದಲ್ಲಿ ಒಂದು ಹುಲ್ಲಿನ ಬೆಂಕಿ ಹತೋಟಿಗೆ ಬಂದಿತ್ತು. ಮರುದಿನ ಒಣಗಾಳಿಗೆ ಅದು ಮತ್ತೆ ಎದ್ದಿತು. 25 ಜನ ಸತ್ತರು, ಸುಮಾರು 3,000 ಮನೆಗಳು ಹೋದವು. ಅಲ್ಲಿ ಇದ್ದವರು ನಾಲ್ಕು ಬಕೆಟ್ ನೀರಿನ ಮುದುಕರಲ್ಲ, ನಮ್ಮಂಥ ಸಮವಸ್ತ್ರದವರೇ.

ಹಿರಿಯರು ಅವತ್ತು ಕಲಿಸಿದ್ದು ಈಗ ನನ್ನ ಫೋನ್ ಮಾತಿನ ಮುಖ್ಯ ಭಾಗ. ನೀರು ಸುರಿದು ಸುಮ್ಮನಾಗಬೇಡಿ. ಸುರಿಯಿರಿ, ಸಲಿಕೆಯಲ್ಲಿ ಕಲಸಿ, ಮತ್ತೆ ಸುರಿಯಿರಿ, ಬೂದಿ ಕೆಸರಾಗಬೇಕು. ದೊಡ್ಡ ಕೊಳ್ಳಿಗಳನ್ನು ಮಗುಚಿ, ಅಡಿಭಾಗವನ್ನೂ ನೆನೆಸಿ. ಆಮೇಲೆ ಕೈ. ಅಂಗೈ ಅಲ್ಲ, ಕೈಯನ್ನು ಮಗುಚಿ ಹಿಂಬದಿಯನ್ನು ನೆಲಕ್ಕೆ ತಾಗಿಸದೆ ಮೊದಲು ಹತ್ತಿರ ಹಿಡಿಯಿರಿ. ಅಲ್ಲಿನ ಚರ್ಮ ತೆಳು, ಬಿಸಿ ಬೇಗ ತಿಳಿಯುತ್ತದೆ. ಬಿಸಿ ಇಲ್ಲದಿದ್ದರೆ ಮುಟ್ಟಿ. ಕಾಡಿನ ಬೆಂಕಿ ಆರಿಸುವವರು ಅಂಚಿನುದ್ದಕ್ಕೂ ಮಂಡಿಯೂರಿ ಹೀಗೇ ತಡವುತ್ತಾ ಹೋಗುತ್ತಾರೆ. ಬೂದಿಯನ್ನು ತುಂಬುವುದಿದ್ದರೆ ಮುಚ್ಚಳ ಇರುವ ಲೋಹದ ಡಬ್ಬಕ್ಕೆ ಮಾತ್ರ, ಏಕೆಂದರೆ ಬೂದಿಯೊಳಗೆ ಕೆಂಡ ನಾಲ್ಕು ದಿನ ಉಳಿಯಬಹುದು.

ರಿಜಿಸ್ಟರ್‌ನಲ್ಲಿ ‘ಆರಿದೆ’ ಅನ್ನುವ ಕಾಲಂ ಪಕ್ಕ ನಾನೇ ಸ್ಕೇಲ್ ಇಟ್ಟು ಇನ್ನೆರಡು ಗೆರೆ ಎಳೆದೆ. ಒಂದು, ‘ಕೆಳಗೆ ಬೊಡ್ಡೆ ಇದೆಯೇ?’. ಇನ್ನೊಂದು, ‘ಮರುದಿನ ಮಧ್ಯಾಹ್ನ’. ಮೇಲಿನವರು ಮೊದಲು ಗೊಣಗಿದರು, ಕೆಲಸ ಜಾಸ್ತಿ ಅಂತ. ನಿಜ, ಜಾಸ್ತಿಯೇ. ಒಂದು ಅನುಮತಿಗೆ ಈಗ ಮೂರು ಫೋನ್ ಆಗುತ್ತದೆ. ಕೆಲವರು ನನ್ನ ನಂಬರ್ ನೋಡಿಯೇ ಎತ್ತುವುದಿಲ್ಲ, ಅವರಿಗೆ ಮುಂದಿನ ಸಲ ಅನುಮತಿಯೂ ಸಿಗುವುದಿಲ್ಲ.

ಮೊನ್ನೆ ಒಬ್ಬಾಕೆಗೆ ಮರುದಿನದ ಫೋನ್ ಮಾಡಿದೆ. “ನಿನ್ನೇನೇ ಆರಿಸಿದೆ ಅಂತ ಹೇಳಿದ್ನಲ್ಲ ಸಾರ್” ಅಂದರು, ಸ್ವಲ್ಪ ಬೇಸರದಲ್ಲೇ. ಒಮ್ಮೆ ಹೋಗಿ ಕೈ ಹಿಡಿದು ನೋಡಿ, ನಾನು ಲೈನ್‌ನಲ್ಲೇ ಇರುತ್ತೇನೆ ಅಂದೆ. ಚಪ್ಪಲಿ ಸದ್ದು ಕೇಳಿಸಿತು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

“ಸಾರ್, ಒಂದು ಮೂಲೆ ಬೆಚ್ಚಗಿದೆ.”

“ಸಲಿಕೆ ಇದೆಯಾ ಅಮ್ಮ?”

“ಇದೆ. ಇರಿ, ಫೋನ್ ಕೆಳಗಿಡ್ತೀನಿ.”