ರೊಚ್ಚಿಗೆದ್ದ ಸ್ಥಳೀಯರು, ಲೂಟಿಕೋರ ಯುವಕ

ಜನಾಂಗೀಯ ದ್ವೇಷದ ಸುದ್ದಿಯನ್ನು ತಿದ್ದಲು ಕೂತವರು ಮೊದಲು ಹುಡುಕುವುದು ಬೈಗುಳವನ್ನು. ‘ನೀಗ್ರೊ’, ‘ಚಿಂಕಿ’ ಕಂಡರೆ ಹೊಡೆದುಹಾಕಿ ಕೈತೊಳೆದುಕೊಳ್ಳುತ್ತಾರೆ. ಆದರೆ ಪೂರ್ವಗ್ರಹ ಬೆಚ್ಚಗೆ ಕೂತಿರುವುದು ಕ್ರಿಯಾಪದದಲ್ಲಿ.

2005ರ ಆಗಸ್ಟ್ ಕೊನೆಯಲ್ಲಿ ಕತ್ರೀನಾ ಚಂಡಮಾರುತಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಮುಳುಗಿತು. ಆಗ ಬಂದ ಎರಡು ಚಿತ್ರಗಳಲ್ಲೂ ಎದೆಮಟ್ಟದ ನೀರು, ಕೈಯಲ್ಲಿ ದಿನಸಿ. ಅಡಿಬರಹದ ಪ್ರಕಾರ, ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಚಿತ್ರದಲ್ಲಿದ್ದ ಕಪ್ಪು ಯುವಕ ಅಂಗಡಿ ‘ಲೂಟಿ ಮಾಡಿ’ ಬರುತ್ತಿದ್ದ. ಫ್ರಾನ್ಸಿನ ಸುದ್ದಿಸಂಸ್ಥೆ ಎಎಫ್‌ಪಿ ಹಂಚಿದ ಚಿತ್ರದ ಬಿಳಿಯರಿಬ್ಬರಿಗೆ ಬ್ರೆಡ್ಡು, ಸೋಡಾ ‘ಸಿಕ್ಕಿತ್ತು’. ಯುವಕ ಅಂಗಡಿಗೆ ಹೊಕ್ಕು ತಂದದ್ದನ್ನು ಛಾಯಾಗ್ರಾಹಕರು ನೋಡಿದ್ದರು ಎಂದು ಒಂದು ಕಡೆಯವರು, ಸಾಮಾನು ನೀರಿನಲ್ಲಿ ತೇಲಿಬಂದಿತ್ತು ಎಂದು ಇನ್ನೊಂದು ಕಡೆಯವರು ಸಮಜಾಯಿಷಿ ಕೊಟ್ಟರು. ಎರಡೂ ನಿಜವಿರಬಹುದು. ಆದರೂ ಹಸಿದವನು ದಿನಸಿ ತಂದದ್ದಕ್ಕೆ ‘ಲೂಟಿ’ ಎನ್ನುವುದು ತೀರ್ಪು, ವರದಿಯಲ್ಲ. ಎರಡೂ ಚಿತ್ರಕ್ಕೂ ‘ದಿನಸಿ ಹಿಡಿದು ಬರುತ್ತಿರುವ’ ಎಂದಿದ್ದರೆ ಸಾಕಿತ್ತು.

ಕರ್ತೃವನ್ನೇ ಮಾಯಮಾಡುವುದು ಇನ್ನೊಂದು ಕೈಚಳಕ. 2020ರ ಮೇ 25ರಂದು ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಸತ್ತಾಗ ಅಮೆರಿಕದ ಮಿನಿಯಾಪೊಲಿಸ್ ಪೊಲೀಸರ ಮೊದಲ ಪ್ರಕಟಣೆ, ಪೊಲೀಸರೊಂದಿಗಿನ ಮುಖಾಮುಖಿಯ ವೇಳೆ ‘ವೈದ್ಯಕೀಯ ಘಟನೆ’ಯಿಂದ ಸಾವು ಎಂದಿತು. ಅವರ ಕುತ್ತಿಗೆಯ ಮೇಲಿದ್ದ ಪೊಲೀಸ್ ಅಧಿಕಾರಿಯ ಮಂಡಿಯ ಸುದ್ದಿಯೇ ಇರಲಿಲ್ಲ. ಕನ್ನಡದಲ್ಲಿ ಇದು ಇನ್ನೂ ಸಲೀಸು: ‘ಹಲ್ಲೆ ನಡೆದಿದೆ’ ಎಂದರೆ ಮುಗಿಯಿತು, ಹೊಡೆದವರು ಯಾರೂ ಇಲ್ಲ. ಪ್ರಕಟಣೆಯ ವಾಕ್ಯವನ್ನು ಬಳಸಲೇಬೇಕಾದರೆ ‘ಎಂದು ಪೊಲೀಸರು ಹೇಳಿದ್ದಾರೆ’ ಎಂಬುದು ಅದೇ ವಾಕ್ಯದಲ್ಲಿ ಇರಲಿ, ನಾಲ್ಕು ಪ್ಯಾರಾ ಬಿಟ್ಟು ಅಲ್ಲ.

ಕರ್ತೃ ಇದ್ದಾಗ ಅವನಿಗೆ ಅಂಟಿಸುವ ವಿಶೇಷಣ ನೋಡಿ. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ಪ್ರಜೆಯೊಬ್ಬರ ಕಾರು ಹರಿದು ಮಹಿಳೆ ಸತ್ತರು. ಸ್ವಲ್ಪ ಹೊತ್ತಿನ ನಂತರ ಗುಂಪೊಂದು ದಾಳಿ ಮಾಡಿದ್ದು ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಪ್ರತಿಕ್ರಿಯೆ ಎಂದರು ಆಗಿನ ಗೃಹಸಚಿವರು. ಇಂಥ ಕಡೆ ಸಿದ್ಧವಾಗಿರುವ ‘ರೊಚ್ಚಿಗೆದ್ದ ಸ್ಥಳೀಯರು’ ಎಂಬ ಮಾತು ಹೊಡೆದವರಿಗೊಂದು ಕಾರಣ ಒದಗಿಸಿಬಿಡುತ್ತದೆ. ‘ಗುಂಪು’ ಎಂದರೆ ಸಾಲದೇ? ಒಬ್ಬರು ಮಾಡಿದ್ದಕ್ಕೆ ಇನ್ನೊಂದು ದೇಶದವರನ್ನು ಹೊಡೆದದ್ದು ಮೈಬಣ್ಣ ನೋಡಿ ಎಂಬುದನ್ನು ನೇರವಾಗಿ ಬರೆಯಬೇಕು. ‘ಜನಾಂಗೀಯ ಬಣ್ಣ ಪಡೆದ ಘಟನೆ’ ಎಂಬ ಸುತ್ತುಬಳಸು ಬೇಡ. ಅಸೋಸಿಯೇಟೆಡ್ ಪ್ರೆಸ್ ಕೂಡ 2019ರಲ್ಲಿ ತನ್ನ ಶೈಲಿಕೈಪಿಡಿಯಲ್ಲಿ ಇಂಥ ನುಣುಪು ಮಾತು ಬಿಡಿ ಎಂದಿತು.

ಅದೇ ಸಂಸ್ಥೆ 2020ರಲ್ಲಿ, ಜನಾಂಗವನ್ನು ಸೂಚಿಸುವಾಗ ಇಂಗ್ಲಿಷಿನ ‘ಬ್ಲ್ಯಾಕ್’ ಪದದ ಬಿ ದೊಡ್ಡಕ್ಷರವಾಗಲಿ ಎಂದು ತೀರ್ಮಾನಿಸಿತು. ನಮ್ಮ ಲಿಪಿಗೆ ಆ ಗೊಡವೆಯಿಲ್ಲ, ನಮ್ಮದು ಬಹುವಚನದ ತಕರಾರು. ಬಂಧಿತ ಉದ್ಯಮಿ ‘ಹೇಳಿದರು’, ಬಂಧಿತ ನೈಜೀರಿಯನ್ ‘ಹೇಳಿದ’. ಇಬ್ಬರ ಮೇಲೂ ಇರುವುದು ಆರೋಪವೇ. ಸುದ್ದಿಯ ಪ್ರತಿಯನ್ನು ತಿದ್ದುವಾಗ ಹೆಸರುಗಳನ್ನು ಅದಲುಬದಲು ಮಾಡಿ ಕ್ರಿಯಾಪದದ ಕೊನೆಯನ್ನಷ್ಟೇ ಓದಿಕೊಂಡು ಹೋಗಿ. ಕಿವಿಗೆ ಎಲ್ಲಿ ಕಸಿವಿಸಿಯಾಗುತ್ತದೋ ಅಲ್ಲಿ ಪೆನ್ನು ಹಿಡಿಯಿರಿ. ಶೀರ್ಷಿಕೆಗೂ ಇದೇ ಪರೀಕ್ಷೆ: ಕಳ್ಳತನದ ಆರೋಪಿ ತುಮಕೂರಿನವನಾಗಿದ್ದರೆ ಊರು ಶೀರ್ಷಿಕೆಗೆ ಬರುತ್ತಿತ್ತೇ? ಇಲ್ಲವಾದರೆ ನೈಜೀರಿಯಾವೂ ಬೇಡ, ಮಣಿಪುರವೂ ಬೇಡ.