ದಿನಚರಿ ಬರೆಯುವ ಮೊದಲು ಇಳಿತದ ಹೊತ್ತು ಕೇಳಿ

ಮೈಸೂರಿನ ಒಂದು ಟ್ರಾವೆಲ್ಸ್ ಕಚೇರಿಯಲ್ಲಿ ಗುಂಪು ಪ್ರವಾಸಗಳನ್ನು ಹೊಂದಿಸುವುದು ನನ್ನ ಉದ್ಯೋಗ. ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡುವ ಗುಂಪಿಗೆ ದರ್ಶನದ ವೇಳೆ ಮತ್ತು ಊಟದ ವೇಳೆ ಗೊತ್ತಾದರೆ ಸಾಕು, ದಿನಚರಿಯ ಉಳಿದ ಭಾಗ ತಾನಾಗಿಯೇ ಕೂಡಿಕೊಳ್ಳುತ್ತದೆ. ಸಮುದ್ರದ ನಡುವಿನ ದ್ವೀಪಕ್ಕೆ ಈ ಲೆಕ್ಕ ಸಾಲದು. ಮೈಸೂರು ಮತ್ತು ಮಂಡ್ಯದ ಕೆಲವು ಕ್ರೈಸ್ತ ಸಭೆಗಳಿಂದ ಕೂಡಿದ್ದ ಒಂದು ಮಿಷನ್ ತಂಡವನ್ನು ಅಂಡಮಾನಿಗೆ ಕರೆದೊಯ್ದಾಗ ಅಲ್ಲಿನ ಒಂದು ದಿನವನ್ನು ಹೇಗೆ ಹೊಂದಿಸಿದೆವು ಎಂಬುದನ್ನು, ಇದೇ ಕೆಲಸದಲ್ಲಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ತಂಡದಲ್ಲಿ ಸಭಾಪಾಲಕರು, ವೈದ್ಯರು, ದಾದಿಯರು, ಶಾಲಾ ಶಿಕ್ಷಕರು ಮತ್ತು ಮಂಡ್ಯದ ಕಡೆಯ ಒಬ್ಬ ರೈತ ಹಿರಿಯರಿದ್ದರು. ಈಗ ಶ್ರೀ ವಿಜಯಪುರಂ ಎಂದು ಕರೆಯಲಾಗುವ ಪೋರ್ಟ್ ಬ್ಲೇರ್‌ನಲ್ಲಿ ವೈದ್ಯಕೀಯ ಶಿಬಿರವನ್ನೂ ಮಕ್ಕಳ ಕಾರ್ಯಕ್ರಮವನ್ನೂ ಮುಗಿಸಿ, ಒಂದು ದಿನವನ್ನು ದ್ವೀಪದ ಪ್ರಕೃತಿಯನ್ನು ನೋಡಲು ಇಟ್ಟುಕೊಳ್ಳಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಕಾರ್ ನಿಕೋಬಾರಿಗೆ ಹೋಗಬಹುದೇ ಎಂದು ಸಭಾಪಾಲಕರಾದ ಅಯ್ಯನವರು ಮೊದಲೇ ವಿಚಾರಿಸಿದ್ದರು. ಹೊಸ ಒಡಂಬಡಿಕೆಯನ್ನು ನಿಕೋಬಾರಿ ಭಾಷೆಗೆ ತಂದ, 1952ರ ಮೊದಲ ಲೋಕಸಭೆಗೆ ನಾಮನಿರ್ದೇಶನಗೊಂಡ ಬಿಷಪ್ ಜಾನ್ ರಿಚರ್ಡ್‌ಸನ್ ಅವರ ದ್ವೀಪ ಅದಾದ್ದರಿಂದ ಅವರ ಆಸೆ ಸಹಜವಾದದ್ದೇ. ಆದರೆ ಅದು ಬುಡಕಟ್ಟು ಮೀಸಲು ಪ್ರದೇಶ. ಬುಡಕಟ್ಟು ಜನರ ರಕ್ಷಣೆಗಾಗಿ 1956ರಲ್ಲಿ ಜಾರಿಗೆ ಬಂದ ನಿಯಮಾವಳಿಯಂತೆ ಆಡಳಿತದ ಅನುಮತಿಯಿಲ್ಲದೆ ಹೊರಗಿನವರು ಅಲ್ಲಿಗೆ ಕಾಲಿಡುವಂತಿಲ್ಲ. ಇಂತಹ ವಿಷಯದಲ್ಲಿ ‘ನೋಡೋಣ, ಯಾರನ್ನಾದರೂ ಕೇಳೋಣ’ ಎಂಬ ಮಾತನ್ನು ನಮ್ಮಂಥವರು ಬಾಯಿಗೇ ತರಬಾರದು ಎಂಬುದು ನನ್ನ ಅಭಿಪ್ರಾಯ. ಆಗುವುದಿಲ್ಲ ಎಂದು ಮುಂಗಡ ಪಡೆಯುವ ಮೊದಲೇ ತಿಳಿಸಿದೆ, ಅವರೂ ಒಪ್ಪಿಕೊಂಡರು.

ಬದಲಿಗೆ ಆರಿಸಿದ್ದು ನೀಲ್ ದ್ವೀಪವನ್ನು. 2018ರ ಕೊನೆಯಲ್ಲಿ ಇದಕ್ಕೆ ಶಹೀದ್ ದ್ವೀಪ ಎಂದು ಮರುನಾಮಕರಣವಾಯಿತಾದರೂ ಹಡಗುಕಟ್ಟೆಯಲ್ಲಿ ಹಳೆಯ ಹೆಸರೇ ಓಡುತ್ತದೆ. ಪೋರ್ಟ್ ಬ್ಲೇರ್‌ನಿಂದ ಸುಮಾರು 40 ಕಿ.ಮೀ. ದೂರದ, ಆಟೋದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯೊಳಗೆ ತಲುಪಬಹುದಾದ ಪುಟ್ಟ ದ್ವೀಪ ಅದು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಅಲ್ಲಿ ನೆಲೆಸಿ ತರಕಾರಿ, ಬಾಳೆ, ಅಡಿಕೆ ಬೆಳೆಯುತ್ತಿವೆ. ಊರುಗಳ ಹೆಸರುಗಳು ಹೆಚ್ಚಾಗಿ ರಾಮಾಯಣದವು: ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. (ಕೊನೆಯದನ್ನು ಕೇಳಿ ತಂಡದಲ್ಲಿ ನಗು ಎದ್ದಿತು, ಬೆಂಗಳೂರಿನ ದಾರಿಯಲ್ಲಿ ಅದೇ ಹೆಸರಿನ ಊರನ್ನು ದಾಟಿಕೊಂಡೇ ವಿಮಾನ ಹತ್ತಿದ್ದೆವಲ್ಲ.)

ಅಯ್ಯನವರು ತಮ್ಮ ಕಡೆಯಿಂದ ಒಂದು ದಿನಚರಿಯನ್ನು ಸಿದ್ಧಪಡಿಸಿ ಕಳುಹಿಸಿದ್ದರು. ಬೆಳಗ್ಗೆ ಎಂಟಕ್ಕೆ ಪ್ರಾರ್ಥನೆ, ಒಂಬತ್ತಕ್ಕೆ ತಿಂಡಿ, ಹತ್ತರಿಂದ ಕಡಲತೀರ, ಸಂಜೆ ಆರೂವರೆಗೆ ಸೂರ್ಯಾಸ್ತ. ಮೈಸೂರಿನಲ್ಲಿ ಕುಳಿತು ನೋಡಿದರೆ ಇದರಲ್ಲಿ ಯಾವ ಕೊರತೆಯೂ ಕಾಣದು. ಆದರೆ ಮೈಸೂರು ಸುಮಾರು 76.6 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ನೀಲ್ ದ್ವೀಪ 93ರಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆಗೂ ಸ್ವಲ್ಪ ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ, ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ನಾವು ಹೋದ ಜನವರಿ ತಿಂಗಳಲ್ಲಿ ಐದೂವರೆಗೆಲ್ಲ ಅಲ್ಲಿ ಸೂರ್ಯ ಮುಳುಗಿರುತ್ತಾನೆ. ಆರೂವರೆಗೆ ಹೋಗಿದ್ದರೆ ನೋಡಲು ಕತ್ತಲೆ ಮಾತ್ರ ಸಿಗುತ್ತಿತ್ತು.

ಸೂರ್ಯನಿಗಿಂತ ಮುಖ್ಯವಾದದ್ದು ನೀರು. ಅಂಡಮಾನಿನಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಅವುಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಅಷ್ಟೇ ಹೆಚ್ಚು ಇಳಿಯುತ್ತದೆ. ಲಕ್ಷ್ಮಣಪುರದ ಎರಡನೇ ತೀರದಲ್ಲಿ ಅಲೆಗಳು ಕೊರೆದು ನಿಲ್ಲಿಸಿರುವ ಬಂಡೆಯ ಸೇತುವೆಯನ್ನು ತಲುಪಲು ಹವಳದ ಕಲ್ಲುಹಾಸಿನ ಮೇಲೆ ನಡೆಯಬೇಕು, ಆ ಹಾಸು ನೀರಿನಿಂದ ಹೊರಬರುವುದು ಇಳಿತದಲ್ಲಿ ಮಾತ್ರ. ಭರತಪುರದ ಗಾಜಿನ ತಳದ ದೋಣಿಗಾದರೆ ನೀರು ತುಂಬಿರಬೇಕು. ಹೀಗೆ ಒಂದೇ ದ್ವೀಪದ ಎರಡು ನೋಟಗಳು ನೀರಿನ ಎರಡು ಸ್ಥಿತಿಗಳನ್ನು ಬೇಡುತ್ತವೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಉಬ್ಬರ ಇಳಿತದ ಕೋಷ್ಟಕಗಳನ್ನು ಪ್ರತಿವರ್ಷ ಪ್ರಕಟಿಸುತ್ತದೆ; ನಾನು ಅದನ್ನು ನೋಡಿಕೊಂಡು, ಸ್ಥಳೀಯ ದೋಣಿಯವರಿಗೆ ಫೋನ್ ಮಾಡಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳುತ್ತೇನೆ. ನಮ್ಮ ದಿನ ಹುಣ್ಣಿಮೆ ಕಳೆದು ಮೂರನೆಯದಾಗಿತ್ತು, ಇಳಿತ ಬೆಳಗ್ಗೆ ಆರರ ಸುಮಾರಿಗಿತ್ತು.

ಪ್ರಾರ್ಥನೆಯ ಹೊತ್ತನ್ನು ಬದಲಿಸಬೇಕೆಂದು ಸಭಾಪಾಲಕರಿಗೆ ಹೇಳುವುದು ಸ್ವಲ್ಪ ಸಂಕೋಚದ ಕೆಲಸವೇ. ಹಿಂದಿನ ರಾತ್ರಿ ಊಟದ ಸಮಯದಲ್ಲಿ ನೀರಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಯೋಚಿಸುತ್ತಿರುವಾಗಲೇ ರೈತ ಹಿರಿಯರು, ‘ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿ ಇದ್ದ ಹಾಗೆ ಅಯ್ಯನವರೇ, ನೀರು ಬಂದಾಗ ನಾವು ಗದ್ದೆಯಲ್ಲಿರಬೇಕೇ ಹೊರತು ನಮ್ಮ ಹೊತ್ತಿಗೆ ನೀರು ಬರುವುದಿಲ್ಲ’ ಎಂದರು. ನಾನು ಅರ್ಧ ಗಂಟೆ ವಿವರಿಸಿದ್ದಕ್ಕಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು. ಪ್ರಾರ್ಥನೆ ಐದು ಗಂಟೆಗೆ ವಸತಿಗೃಹದ ಜಗಲಿಯಲ್ಲೇ ನಡೆಯಿತು. ಬೆಳಕು ಹರಿಯುವ ಹೊತ್ತಿಗೆ ನಾವು ಲಕ್ಷ್ಮಣಪುರದಲ್ಲಿದ್ದೆವು.

ಕಲ್ಲುಹಾಸಿನ ಗುಂಡಿಗಳಲ್ಲಿ ನಿಂತ ನೀರೇ ಆ ದಿನದ ನಿಜವಾದ ನೋಟವಾಗಿತ್ತು ಎನ್ನಬೇಕು, ಸೇತುವೆಗೆ ಬರಿ ಹೆಸರು ಹೆಚ್ಚು. ಸಮುದ್ರಸೌತೆ ಎಂಬ, ಸೌತೆಕಾಯಿಯಾಕಾರದ ಕಪ್ಪು ಜೀವಿಗಳು ಮರಳಿನಲ್ಲಿ ಅಲುಗಾಡದೆ ಬಿದ್ದಿದ್ದವು. ನೀಲಿ ಅಂಚಿನ ದೊಡ್ಡ ಚಿಪ್ಪೊಂದು ನಮ್ಮ ನೆರಳು ಬಿದ್ದ ಕೂಡಲೇ ಬಾಯಿ ಮುಚ್ಚಿಕೊಂಡಿತು. ಹವಳವೆಂಬುದು ಬಂಡೆಯೂ ಅಲ್ಲ, ಗಿಡವೂ ಅಲ್ಲ, ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಸಾಕಿಕೊಂಡು ಅದರಿಂದ ಆಹಾರ ಪಡೆಯುವ ಸಣ್ಣ ಸಣ್ಣ ಪ್ರಾಣಿಗಳ ಸಮೂಹ ಎಂದು ಮಾರ್ಗದರ್ಶಕರು ವಿವರಿಸಿದರು. ಸಮುದ್ರದ ನೀರು ಬಹಳ ಬಿಸಿಯಾದರೆ ಆ ಪಾಚಿ ಹೊರಬಿದ್ದು ಹವಳ ಬೆಳ್ಳಗಾಗುತ್ತದೆ. 2010ರಲ್ಲಿ ಅಂಡಮಾನಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಹೀಗೆ ಬಿಳುಚಿಕೊಂಡವು. ಇದನ್ನು ಕೇಳಿದ ಮೇಲೆ ಎಲ್ಲರೂ ಮಾರ್ಗದರ್ಶಕರ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡತೊಡಗಿದರು. ನಾನು ಮೊದಲೇ ಎಚ್ಚರಿಸಿದ್ದರೂ ಇಬ್ಬರು ಹವಾಯಿ ಚಪ್ಪಲಿಯಲ್ಲೇ ಬಂದು ಪಾಚಿಯ ಮೇಲೆ ಜಾರುತ್ತಿದ್ದರು, ಅವರಿಗೆ ಕೈ ಹಿಡಿಯುವವರು ಬೇಕಾಯಿತು.

ತಂಡದ ಹಿರಿಯ ದಾದಿಯೊಬ್ಬರು ಸಂಡೇ ಸ್ಕೂಲ್ ಮಕ್ಕಳಿಗೆ ಚಿಪ್ಪುಗಳನ್ನು ತರುವುದಾಗಿ ಮಾತು ಕೊಟ್ಟು ಬಂದಿದ್ದರು. ಹೆಬ್ಬೆರಳಿನಷ್ಟಿದ್ದ, ಕಂದು ಪಟ್ಟೆಯ ಒಂದು ಶಂಖವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಅದರ ಬಾಯಿಂದ ಎರಡು ಮೀಸೆ, ಆಮೇಲೆ ಕೆಂಪು ಕಾಲುಗಳು ಹೊರಬಂದು, ಶಂಖವನ್ನು ಬೆನ್ನಿಗೇರಿಸಿಕೊಂಡ ಸನ್ಯಾಸಿ ಏಡಿಯೊಂದು ಅವರ ಮಣಿಕಟ್ಟಿನ ಕಡೆಗೆ ನಡೆಯತೊಡಗಿತು. ‘ಅಯ್ಯೋ, ಮನೆಯಲ್ಲಿ ಜನ ಇದ್ದಾರೆ’ ಎಂದು ನಗುತ್ತಾ ಅದನ್ನು ಅದೇ ಗುಂಡಿಯ ಅಂಚಿಗೆ ಇಳಿಸಿದರು. ಖಾಲಿ ಚಿಪ್ಪುಗಳೂ ಇಂತಹ ಏಡಿಗಳಿಗೆ ಬೇಕಾಗುವ ಮನೆಗಳೇ. ಅಲ್ಲದೆ ಕಲ್ಲುಹವಳ, ದೈತ್ಯ ಚಿಪ್ಪು ಮತ್ತು ಸಮುದ್ರಸೌತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತ ಹವಳದ ತುಂಡನ್ನು ಚೀಲದಲ್ಲಿಟ್ಟುಕೊಂಡರೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಗುಂಪಿನ ನಾಯಕರೇ. ಮಕ್ಕಳಿಗಾಗಿ ಅವರು ಆ ಏಡಿಯ ವಿಡಿಯೊ ಮಾಡಿಕೊಂಡರು.

ಎಂಟರ ಹೊತ್ತಿಗೆ ನೀರು ಸಾಕಷ್ಟು ಏರಿತ್ತು. ತಿಂಡಿ ಮುಗಿಸಿ ತುಂಬು ನೀರಿನಲ್ಲಿ ಭರತಪುರದ ದೋಣಿ, ಮಧ್ಯಾಹ್ನ ಬಿಸಿಲಿಗೆ ವಿಶ್ರಾಂತಿ, ನಾಲ್ಕೂವರೆಗೆ ಪಶ್ಚಿಮಕ್ಕೆ ಮುಖ ಮಾಡಿರುವ ಲಕ್ಷ್ಮಣಪುರದ ಮೊದಲ ತೀರ. ಮಧ್ಯಾಹ್ನದ ಆ ಖಾಲಿ ಹೊತ್ತನ್ನು ಯಾರೂ ತುಂಬಿಸದಂತೆ ನೋಡಿಕೊಳ್ಳುವುದಕ್ಕೇ ನಾನು ಹೆಚ್ಚು ಶ್ರಮಪಡಬೇಕಾಯಿತು. ಸೇವೆಗೆಂದು ಬಂದವರಿಗೆ ಸುಮ್ಮನೆ ಕುಳಿತುಕೊಳ್ಳುವುದು ಕಷ್ಟ. ಇನ್ನೊಂದು ನಿಯಮವನ್ನು ನಾನು ಎಂದೂ ಸಡಿಲಿಸುವುದಿಲ್ಲ: ಹಿಂದಿರುಗುವ ವಿಮಾನದ ಹಿಂದಿನ ದಿನ ಹೊರದ್ವೀಪದಲ್ಲಿ ಇರಕೂಡದು. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ, ವಿಮಾನ ಕಾಯುವುದಿಲ್ಲ.

ಮುಂದಿನ ತಂಡವನ್ನು ಈಸ್ಟರ್ ಕಳೆದ ವಾರದಲ್ಲಿ ಕಳುಹಿಸುವ ಯೋಚನೆಯನ್ನು ಅಯ್ಯನವರು ತಿಳಿಸಿದ್ದಾರೆ. ಈಸ್ಟರ್ ಭಾನುವಾರ ವಸಂತದ ಹುಣ್ಣಿಮೆಯನ್ನು ಅನುಸರಿಸಿಯೇ ಬರುವುದರಿಂದ ಇಳಿತದ ಅರ್ಧ ಲೆಕ್ಕ ಅವರ ಸಭೆಯ ಪಂಚಾಂಗದಲ್ಲೇ ಇದೆ. ಆ ಭಾನುವಾರ ಹುಣ್ಣಿಮೆಯ ಮರುದಿನವೇ ಬಿದ್ದರೆ ಸೋಮವಾರ, ಮಂಗಳವಾರಗಳಲ್ಲಿ ಬೆಳಗಿನ ಆಳವಾದ ಇಳಿತ ಸಿಗುತ್ತದೆ. ಆರೇಳು ದಿನ ತಡವಾಗಿ ಬಂದರೆ ನೀರು ಅಷ್ಟಾಗಿ ಇಳಿಯುವುದಿಲ್ಲ, ಆಗ ಲಕ್ಷ್ಮಣಪುರದ ಸೇತುವೆಯನ್ನು ಬಿಟ್ಟು ಭರತಪುರಕ್ಕೇ ಹೆಚ್ಚು ಹೊತ್ತು ಕೊಡಬೇಕಾಗುತ್ತದೆ. ದಿನಾಂಕವನ್ನು ನೋಡಿ ತಿಳಿಸುತ್ತೇನೆ, ಅಲ್ಲಿಯವರೆಗೆ ವಿಮಾನದ ಟಿಕೆಟ್ ಮಾಡಿಸಬೇಡಿ ಎಂದು ಅವರಿಗೆ ಹೇಳಿದ್ದೇನೆ.