ನೀರ್ ಇಳ್ದಾಗ ಹೋಗ್ತೆ

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಕುಮಟಾ ತಾಲೂಕಿನ ಅಘನಾಶಿನಿ ಹೊಳೆ ಬದಿಯ ಒಂದು ಊರಲ್ಲಿ ಸರ್ವೆ ಮಾಡುತ್ತಿದ್ದೆ. ಒಂದು ಸಂಶೋಧನಾ ತಂಡದ ಕೆಲಸ. ಮನೆಮನೆಗೆ ಹೋಗಿ ಯಾರು ಏನು ದುಡಿಯುತ್ತಾರೆ, ಬದುಕು ಅವರಿಗೆ ಹೇಗೆ ಅನಿಸುತ್ತಿದೆ ಅಂತ ಕೇಳಿ ಟ್ಯಾಬಲ್ಲಿ ತುಂಬಬೇಕು. ದುಡಿಮೆಯ ಪ್ರಶ್ನೆಗಳನ್ನು ಸರ್ಕಾರದ ಪಿಎಲ್‌ಎಫ್‌ಎಸ್ ಮಾದರಿಯಲ್ಲೇ ಇಟ್ಟಿದ್ದರು. ದೇಶದಲ್ಲಿ ಯಾರು ದುಡಿಯುತ್ತಾರೆ, ಯಾರಿಗೆ ಕೆಲಸ ಇಲ್ಲ ಅಂತ ಎಣಿಸಲು 2017ರಿಂದ ನಡೆಯುತ್ತಿರುವ ಸಮೀಕ್ಷೆ ಅದು. ದೇಶದಲ್ಲಿ ನಿರುದ್ಯೋಗ ಇಷ್ಟು ಪರ್ಸೆಂಟ್ ಅಂತ ಪೇಪರಲ್ಲಿ ಓದುತ್ತೀವಲ್ಲ, ಅದು ಬರುವುದು ಅಲ್ಲಿಂದ.

ನಾನು ಶಿರಸಿ ಕಡೆಯವಳು. ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಗೊತ್ತು. ಹೊಳೆಯ ಉಬ್ಬರ ಇಳಿತ ಗೊತ್ತಿರಲಿಲ್ಲ. ಹಾಗಾಗಿಯೇ ಆ ದಿನ ಒಂದು ಮನೆಯಲ್ಲಿ ತಪ್ಪು ಬರೆದುಕೊಂಡು ಎದ್ದು ಬರುವವಳಿದ್ದೆ.

ಜಗುಲಿ ಮೇಲೆ ಅತ್ತೆ ಕೂತಿದ್ದರು. ಮಗ ತದಡಿಯಲ್ಲಿ ಬೋಟಿಗೆ ಹೋಗುತ್ತಾನೆ, ಆವತ್ತು ರಜೆ, ಬಾಗಿಲಿಗೆ ಒರಗಿ ನಿಂತಿದ್ದ. ಕೆಲಸ ಏನು ಅಂತ ಕೇಳಿದ ಕೂಡಲೇ "ಮೀನುಗಾರಿಕೆ" ಅಂದ. ಜೂನ್ 1ರಿಂದ ಜುಲೈ 31ರ ತನಕ ಬೋಟಿಗೆ ನಿಷೇಧ, ಆ 2 ತಿಂಗಳು ಮನೆಯಲ್ಲೇ. ಆದರೂ ಅವನು ಮೀನುಗಾರನೇ, ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಸೊಸೆಯ ಕೆಲಸ ಕೇಳಿದರೆ ಅತ್ತೆಯೇ ಉತ್ತರ ಕೊಟ್ಟರು. "ಅವ್ಳು ಎಂತಾ ಮಾಡ್ತದೆ ಅಕ್ಕೋರೇ, ಮನೇಲೇ ಇರ್ತದೆ." ಸೊಸೆ ಒಳಗಿಂದ ಬಂದು ಸುಮ್ನೆ ತಲೆ ಆಡಿಸಿದಳು. ನಾನು 92 ಅಂತ ಒತ್ತಿದೆ. ಮನೆಕೆಲಸ ಮಾತ್ರ ಅನ್ನುವುದಕ್ಕೆ ಇರುವ ಕೋಡ್ ಅದು.

ಆಮೇಲೆ ಅವಳು "ಆಸ್ರಿಗೆ ಕುಡೀರಿ" ಅಂತ ನೀರು ಬೆಲ್ಲ ತಂದಿಟ್ಟಳು. ಚೊಂಬು ಹಿಡಿದ ಕೈ ಕಣ್ಣಿಗೆ ಬಿತ್ತು. ಬೆರಳ ತುದಿಯಲ್ಲೆಲ್ಲ ಸಣ್ಣ ಸಣ್ಣ ಗೀರು, ಕೆಲವು ಹಳೆಯವು, ಕೆಲವು ಈಗಷ್ಟೇ ಒಣಗಿದವು. ಉಗುರಿನ ಅಂಚೆಲ್ಲ ಸವೆದಿತ್ತು. ಪಾತ್ರೆ ತಿಕ್ಕಿದರೆ ಹಾಗಾಗುವುದಿಲ್ಲ. ಕೇಳಿದೆ, "ಇದೆಂತ ಅಕ್ಕಾ ಬೆರಳಿಗೆ?"

"ಬಳಚು ತಾಗಿದ್ದು."

ಬಳಚು ಅಂದರೆ ಹೊಳೆ ಕೆಸರಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ. ಮನೆ ಹಿಂದೆ ಕರೆದುಕೊಂಡು ಹೋಗಿ ತೋರಿಸಿದಳು. ತೆಂಗಿನ ಬುಡದಲ್ಲಿ ಮೊಣಕಾಲೆತ್ತರ ಬಳಚಿನ ಚಿಪ್ಪಿನ ರಾಶಿ. ನೀರು ಪೂರ್ತಿ ಇಳಿದಾಗ ಹೊಳೆ ನಡುವೆ ಮರಳಿನ ದಿಣ್ಣೆ ಏಳುತ್ತದೆ, ಅಲ್ಲಿ ಕೂತು ಕೆಸರಲ್ಲಿ ಕೈ ಹಾಕಿ ಕೆದರಿ ಹೆಕ್ಕುವುದು. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದಿದ್ದು ಪಾಲು ಹಾಕಿ ಮಾರುವುದು. "ಹಾಗಾದ್ರೆ ಇದು ಕೆಲಸ ಅಲ್ವಾ?" ಅಂದೆ. "ಅದೆಂತಾ ಕೆಲ್ಸ? ನೀರ್ ಇಳ್ದಾಗ ಹೋಗ್ತೆ" ಅಂದಳು.

ನಮ್ಮ ಪ್ರಶ್ನೆ ಇರುವುದು ಹೀಗೆ: ಕಳೆದ 7 ದಿನಗಳಲ್ಲಿ, ಯಾವುದಾದರೂ ಒಂದು ದಿನ, ಕನಿಷ್ಠ 1 ಗಂಟೆ ದುಡಿದಿದ್ದೀರಾ? 1 ಗಂಟೆ ಅಂದರೆ ತುಂಬಾ ಸಡಿಲ ಅಂತ ಟೀಕೆ ಮಾಡುವವರು ಬಹಳ ಜನ. ಅಷ್ಟು ಸಡಿಲ ಇದ್ದರೂ ಅವಳು ಅದರೊಳಗೆ ಬರಲಿಲ್ಲ. ಆವತ್ತು ಏಕಾದಶಿ. ಅವಳು ಹೋಗಿದ್ದು ಚತುರ್ದಶಿ, ಅಮಾವಾಸ್ಯೆ, ಪಾಡ್ಯ, ಬಿದಿಗೆ. ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಬಂದಾಗ ಉಬ್ಬರವೂ ಜೋರು, ಇಳಿತವೂ ಜೋರು. ಅಷ್ಟಮಿ ಆಸುಪಾಸು ನೀರು ಅರೆಬರೆ ಇಳಿಯುತ್ತದೆ, ಅವಳ ದಿಣ್ಣೆ ಏಳುವುದೇ ಇಲ್ಲ. ನನ್ನ 7 ದಿನ ಅಂದರೆ ಚೌತಿಯಿಂದ ದಶಮಿ. ಸೊನ್ನೆ. ಇನ್ನೊಂದು ವಾರ ಬಿಟ್ಟು ಹೋಗಿದ್ದರೆ ಇದೇ ಹೆಂಗಸು, ಇದೇ ಮನೆ, ವಾರಕ್ಕೆ 4 ದಿನ ದುಡಿದವಳು!

ಇದರಿಂದ ಒಟ್ಟು ಲೆಕ್ಕ ಹಾಳಾಗುವುದಿಲ್ಲ. ಸಮೀಕ್ಷೆ ವರ್ಷಪೂರ್ತಿ ಹರಡಿರುತ್ತದೆ, ಒಂದು ಮನೆಗೆ ಏಕಾದಶಿಯಲ್ಲಿ ಹೋದರೆ ಇನ್ನೊಂದು ಮನೆಗೆ ಹುಣ್ಣಿಮೆ ಮುಗಿದ ಮರುದಿನ ಹೋಗಿರುತ್ತೇವೆ, ಸರಾಸರಿ ಸರಿಹೋಗುತ್ತದೆ. ಆದರೆ ಕೇಳಿದಾಗಲೇ "ಅದು ಕೆಲಸ ಅಲ್ಲ" ಅಂತ ಬಿಟ್ಟರೆ ಯಾವ ಸರಾಸರಿಯೂ ಅದನ್ನು ವಾಪಸ್ ತರುವುದಿಲ್ಲ. ಎಲ್ಲ ಊರಲ್ಲೂ ಎಲ್ಲ ಅತ್ತೆಯರೂ ಇದೇ ಉತ್ತರ ಕೊಟ್ಟರೆ ಏನಾಗಬೇಕು?

ಪುಣ್ಯಕ್ಕೆ ಇನ್ನೊಂದು ಪ್ರಶ್ನೆ ಇದೆ. ವರ್ಷದ ಹೆಚ್ಚು ದಿನ ಮನೆಕೆಲಸವೇ ಆಗಿದ್ದರೂ, ವರ್ಷದಲ್ಲಿ 30 ದಿನ ಅಥವಾ ಜಾಸ್ತಿ ಬೇರೆ ದುಡಿಮೆ ಮಾಡಿದ್ದರೆ ಅದನ್ನು ಉಪಕಸುಬು ಅಂತ ಬರೆದು ಅವರನ್ನು ದುಡಿಯುವವರ ಲೆಕ್ಕಕ್ಕೆ ಸೇರಿಸಬೇಕು. ಸುಸ್ತಾದ ದಿನ ಈ ಪ್ರಶ್ನೆಯನ್ನು "ಬೇರೆ ಎಂತ ಇಲ್ಲ ಅಲ್ವಾ?" ಅಂತ ಕೇಳಿ ಮುಂದೆ ಹೋಗುವವರನ್ನು ನೋಡಿದ್ದೇನೆ. ಅದು ಅನ್ಯಾಯ, ಅಷ್ಟೇ ಹೇಳುತ್ತೇನೆ. ನಾವಿಬ್ಬರೂ ಅಲ್ಲೇ ಚಿಪ್ಪಿನ ರಾಶಿ ಪಕ್ಕ ಕೂತೆವು. ಅವಳು ಚಿಪ್ಪು ಹೆಕ್ಕಿ ಸಾಲಾಗಿ ಇಟ್ಟಳು. ಒಂದು ಅಮಾವಾಸ್ಯೆಗೆ 4, ಒಂದು ಹುಣ್ಣಿಮೆಗೆ 4. ತಿಂಗಳಿಗೆ 8. ಮಳೆಗಾಲದಲ್ಲಿ ಹೊಳೆ ಕೆಂಪು ನೀರು, ಹೋಗುವುದಿಲ್ಲ, ಆ 4 ತಿಂಗಳು ಬಿಡು. ಉಳಿದ 8 ತಿಂಗಳಿಗೆ 64 ದಿನ.

"ಅರವತ್ನಾಲ್ಕಾ?" ಅಂತ ಅವಳೇ ಎರಡು ಸಲ ಕೇಳಿದಳು. ನೀರು ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಇಳಿಯುತ್ತಾ ಹೋಗುತ್ತದಂತೆ, ಹಾಗಾಗಿ ಅಡಿಗೆ, ಮಗಳ ಕಾಲೇಜಿನ ಡಬ್ಬಿ, ದನಕ್ಕೆ ಹುಲ್ಲು ಎಲ್ಲವನ್ನೂ ಆ 4 ದಿನ ಹಿಂದೆ ಮುಂದೆ ಸರಿಸಬೇಕು. ದೇಶದಲ್ಲಿ 2024ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವುದು ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ. ಇವಳದು ಅದರ ಮೇಲೆ ದಿಣ್ಣೆಯ ಕೆಲಸ.

ಒಳಗೆ ಬಂದು ಕೋಡ್ ಸರಿಮಾಡಿದೆ. ವಾರದ ಕಾಲಂ ನಿಯಮದಂತೆ ಹಾಗೇ ಉಳಿಯಿತು, ವರ್ಷದ ಕಾಲಂನಲ್ಲಿ ಸ್ವಂತ ದುಡಿಮೆ ಅಂತ ಸೇರಿತು. ದೇಶದಲ್ಲಿ ಗ್ರಾಮೀಣ, ನಗರ ಎಲ್ಲ ಸೇರಿ, 15 ವರ್ಷ ತುಂಬಿದ ಹೆಂಗಸರಲ್ಲಿ ದುಡಿಯುವವರು, ಕೆಲಸ ಹುಡುಕುವವರು ಇಬ್ಬರೂ ಸೇರಿದ ಪ್ರಮಾಣ 2017-18ರಲ್ಲಿ ಶೇ. 23.3 ಇದ್ದದ್ದು 2023-24ಕ್ಕೆ ಶೇ. 41.7 ಆಗಿದೆ. ನಿಜವಾಗಿ ದುಡಿಮೆ ಹೆಚ್ಚಿತೋ, ಕೇಳುವುದು ಸುಧಾರಿಸಿತೋ ಅಂತ ಅರ್ಥಶಾಸ್ತ್ರದವರು ಜಗಳ ಆಡುತ್ತಲೇ ಇದ್ದಾರೆ. ಆ ಜಗಳ ಓದಿದಾಗೆಲ್ಲ ನನಗೆ ಆ ಚಿಪ್ಪಿನ ಸಾಲು ನೆನಪಾಗುತ್ತದೆ.

ಕೊನೆಗೆ ಏಣಿಯ ಪ್ರಶ್ನೆ. 1960ರ ದಶಕದಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್ ಅನ್ನುವ ಅಮೆರಿಕದ ಮನೋವಿಜ್ಞಾನಿ ಮಾಡಿದ್ದು. ಬುಡ ಸೊನ್ನೆ, ತುದಿ 10. ತುದಿ ಅಂದರೆ ನಿಮಗೆ ಸಿಗಬಹುದಾದ ಅತಿ ಒಳ್ಳೆಯ ಬದುಕು, ಬುಡ ಅಂದರೆ ಅತಿ ಕೆಟ್ಟದ್ದು. ಈಗ ಎಲ್ಲಿ ನಿಂತಿದ್ದೀರಿ? ಟ್ಯಾಬಿನ ಚಿತ್ರ ಬಿಸಿಲಿಗೆ ಕಾಣಲಿಲ್ಲ, ಅಂಗಳದ ಮಣ್ಣಲ್ಲೇ ಕಡ್ಡಿಯಿಂದ ಏಣಿ ಗೀಚಿದೆ. ಅವಳು ಕೈಯಲ್ಲಿದ್ದ ಚಿಪ್ಪನ್ನು 4ರ ಮೇಲೆ ಇಟ್ಟಳು. ಜಗುಲಿಯಿಂದ ಅತ್ತೆ, "ಆರು ಅನ್ನೇ, ನಮ್ಗೆಂತ ಕಮ್ಮಿ ಆಯ್ದು?" ಅಂದರು. ಇದು ಅವರೊಬ್ಬರೇ ಹೇಳಬೇಕು ಅಮ್ಮಾ ಅಂದೆ.

ಅವಳು ಚಿಪ್ಪು ಸರಿಸಲಿಲ್ಲ. ನಾನು ಕಾರಣ ಕೇಳಿರಲಿಲ್ಲ, ಅವಳೇ ಹೇಳಿದಳು. "ಮೊದ್ಲು ಒಂದ್ ಇಳ್ತಕ್ಕೆ ಎರಡು ಬುಟ್ಟಿ ಸಿಗ್ತಿತ್ತು. ಈಗ ಅರ್ಧ ಬುಟ್ಟಿನೂ ಇಲ್ಲ. ಮಗಳ ಫೀ ಅದ್ರಲ್ಲೇ ಕಟ್ತಿದ್ದೆ."

4 ಅಂತ ಒತ್ತಿ ಸೇವ್ ಮಾಡಿದೆ. ಹೊಳೆ ದಾಟಿಸುವ ಕಡೆಯ ತಾರಿ ದೋಣಿ ಹಿಡಿಯಬೇಕಿತ್ತು, ಹೊರಟೆ. ಅವಳು ಬೇಲಿ ತನಕ ಬಂದು, ಹುಣ್ಣಿಮೆಗೆ ಬನ್ನಿ ಅಕ್ಕೋರೇ, ದಿಣ್ಣೆ ತೋರಿಸ್ತೆ ಅಂದಳು.